ಬೆಗ್ ಇಲ್ಲದ ಅರ್ಜಿ

ಧಾರವಾಡದ ಕಚೇರಿಯ ಎದುರು ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ಆ ಅರ್ಜಿ ಬರೆಯುವವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವನದೇನೂ ತಪ್ಪಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಕ್ಷಮಿಸಿಲ್ಲ. ನನ್ನ ಸ್ವಭಾವವೇ ಹಾಗೆ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ, ಸಾವಿರಾರು ಕಾಗದಗಳ ಮೇಲೆ ಕೆಂಪು ಶಾಯಿ ಹಾಕಿದೆ, ಆದರೆ ಸಿಟ್ಟನ್ನು ತಿದ್ದಿಕೊಳ್ಳಲು ಮಾತ್ರ ನನಗೆ ಬರಲಿಲ್ಲ.

ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ನಮ್ಮ ಓಣಿಯಲ್ಲಿ ಅಷ್ಟು ದೂರ ಓದಿದ ಮೊದಲ ಹುಡುಗಿ ನಾನೇ, ಅದೂ ಒಳ್ಳೆಯ ಮಾರ್ಕು ತೆಗೆದುಕೊಂಡು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ. ಎರಡು ವರ್ಷದ ಹಿಂದೆ ನಮ್ಮ ಮನೆಯವರೂ ಓಣಿಯ ಇನ್ನು ಕೆಲವರೂ ಬುದ್ಧನ ದಾರಿ ಹಿಡಿದಿದ್ದೆವು. ದೇವರ ಜಗುಲಿ ಇದ್ದ ಜಾಗದಲ್ಲಿ ಈಗ ಬುದ್ಧನ ಪಟವಿತ್ತು. ಅದರ ಪಕ್ಕದ ಗೂಡಿನಲ್ಲಿ ನನ್ನ ಇಂಗ್ಲಿಷ್–ಕನ್ನಡ ಶಬ್ದಕೋಶ. ಎರಡಕ್ಕೂ ಅವ್ವ ದಿನಾ ಒಂದೇ ಬಟ್ಟೆಯಿಂದ ಧೂಳು ಒರೆಸುತ್ತಿದ್ದಳು.

ನನಗೆ ಧಾರವಾಡದ ಕಾಲೇಜು ಸೇರಬೇಕಾಗಿತ್ತು. ಅವ್ವ ಒಂದೇ ಷರತ್ತು ಹಾಕಿದಳು. "ದಿನಾ ರೈಲಿನ್ಯಾಗ ಹೋಗಿ ಬರೂದು ನನಗ ಒಪ್ಪಿಗಿಲ್ಲ. ಹಾಸ್ಟೆಲ್ ಸಿಕ್ಕರ ಕಾಲೇಜು, ಸಿಗಲಿಲ್ಲಂದ್ರ ನಿಮ್ಮ ಸ್ವಾದರಮಾವ ಹೇಳಿದ ವರ ಐತಿ," ಎಂದಳು. ವರ ಒಳ್ಳೆಯವನೇ ಇದ್ದನಂತೆ. ನನಗೆ ಅವನ ಹೆಸರು ಕೇಳಿದರೂ ಮೈ ಉರಿಯುತ್ತಿತ್ತು. ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ತಂದೆಯ ಸಹಿಯಿರುವ ಇಂಗ್ಲಿಷ್ ಅರ್ಜಿ ಕೊಡಬೇಕು, ಕೊನೆಯ ದಿನ ಶನಿವಾರ. ಟೈಪ್ ಮಾಡಿಸಿದ ಅರ್ಜಿಗೇ ಬೆಲೆ ಎಂದು ಓಣಿಯವರು ಹೇಳಿದ್ದರಿಂದ ಅಪ್ಪ ಗುರುವಾರ ಅರ್ಧ ದಿನ ರಜೆ ಹಾಕಿ ನನ್ನನ್ನು ರೈಲು ಹತ್ತಿಸಿಕೊಂಡು ಧಾರವಾಡಕ್ಕೆ ಹೊರಟ.

ಅರ್ಜಿ ಬರೆಯುವವ ನಮ್ಮ ಮಾತು ಪೂರ್ತಿ ಕೇಳುವ ಮೊದಲೇ ಟೈಪ್ ಮಾಡಲು ಶುರು ಮಾಡಿದ. ಹೊಲದ ತಂಟೆ, ನೀರಿನ ನಳ, ನೌಕರಿ, ಹಾಸ್ಟೆಲ್, ಎಲ್ಲಕ್ಕೂ ಅವನ ಬೆರಳುಗಳಿಗೆ ಒಂದೇ ಅರ್ಜಿ ಬಾಯಿಪಾಠವಾಗಿತ್ತು. ಕಾಗದ ಎಳೆದು ಅಪ್ಪನ ಮುಂದೆ ಹಿಡಿದು ಸಹಿ ಮಾಡುವ ಜಾಗ ತೋರಿಸಿದ. ಅಪ್ಪ ಜೇಬಿನಿಂದ ಪೆನ್ನು ತೆಗೆದ. ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತು, ಹೆಬ್ಬೆಟ್ಟು ಬಿಟ್ಟು ಸಹಿ ಹಿಡಿದ ಮೇಲೆ, ಓದಿಸಿ ಕೇಳದೆ ಯಾವ ಕಾಗದಕ್ಕೂ ಅವನು ಪೆನ್ನು ಮುಟ್ಟಿಸುತ್ತಿರಲಿಲ್ಲ.

"ಏನ್ ಬರದಾರ, ಓದಿ ಹೇಳವಾ," ಎಂದ.

ಸುತ್ತಲೂ ನಾಲ್ಕಾರು ಜನ ನಿಂತಿದ್ದರು. ಇಂಗ್ಲಿಷ್ ಓದುವ ಹುಡುಗಿಯನ್ನು ಅವರೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದರು. ನನ್ನ ಜಂಬಕ್ಕೆ ಇಷ್ಟು ಸಾಕಾಯಿತು. 'ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್' ಎಂಬ ಮೊದಲ ಸಾಲನ್ನು ಗಟ್ಟಿಯಾಗಿ ಓದಿ, ಒಂದು ಶಬ್ದವನ್ನೂ ಬಿಡದೆ, ನನ್ನ ಶಬ್ದಕೋಶದಲ್ಲಿ ಇದ್ದ ಹಾಗೆಯೇ ಕನ್ನಡ ಮಾಡಿದೆ. "ನಾನು ಅತ್ಯಂತ ದೀನನಾಗಿ, ಭಿಕ್ಷಾ ಬೇಡಿ ಹೇಳಿಕೊಳ್ಳೂದು ಏನಂದ್ರ..."

ಅಪ್ಪ ಪೆನ್ನಿನ ಟೊಪ್ಪಿಗೆ ಮುಚ್ಚಿದ.

"ಬೇಡೂ ಮಾತು ತಗೀರಿ," ಎಂದ.

ಅರ್ಜಿ ಬರೆಯುವವ ಕನ್ನಡಕ ಮೇಲೇರಿಸಿ ನೋಡಿದ. "ಬೆಗ್ ತಗದ್ರ ಅರ್ಜಿ ಹೆಂಗ ಆಗ್ತದ? ವಕೀಲರು ಬೆಗ್ ಅಂತ ಬರಸ್ತಾರ, ಡಾಕ್ಟರು ಬೆಗ್ ಅಂತ ಬರಸ್ತಾರ. ನೀನೇನು ಅವರಕಿಂತ ದೊಡ್ಡಾಂವೇನು?"

"ಸಣ್ಣಾಂವ ಅದೀನ್ರಿ. ಅದಕ್ಕ ತಗೀರಿ ಅಂದೆ."

ಅವನು ತೆಗೆಯಲಿಲ್ಲ, ಅಪ್ಪ ಸಹಿ ಮಾಡಲಿಲ್ಲ. ಹಿಂದಿರುಗುವ ರೈಲಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಉಣಕಲ್ ದಾಟುವ ತನಕ ಅತ್ತೆ. ಅಪ್ಪನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ಹೆಚ್ಚಾಗಿತ್ತು. 'ವಿನಂತಿ' ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಜಾಣತನ ತೋರಿಸಲು ಹೋಗಿ ನನ್ನ ಕಾಲೇಜಿನ ಬಾಗಿಲನ್ನು ನಾನೇ ಮುಚ್ಚಿಕೊಂಡಿದ್ದೆ.

ಬೇಡುವುದೆಂದರೆ ಅಪ್ಪ ಯಾಕೆ ಹಾಗೆ ಸಿಡಿಯುತ್ತಿದ್ದ ಎಂದು ಹೇಳಬೇಕು. ಅವನು ಹುಟ್ಟಿದ್ದು ಹಳ್ಳಿಯಲ್ಲಿ. ಅವನ ತಾಯಿ ದಿನವಿಡೀ ಊರ ಕೆಲಸ ಮಾಡಿ, ಸಂಜೆ ಬುಟ್ಟಿ ಹಿಡಿದು ಮನೆಮನೆಯ ಹೊರಗೆ ನಿಂತು "ರೊಟ್ಟಿ ನೀಡ್ರೆವ್ವಾ" ಎಂದು ಕೂಗಬೇಕಾಗಿತ್ತು. ದುಡಿದದ್ದಕ್ಕೆ ಬರಬೇಕಾದ ಪಾಲು ಅದು. ಆದರೂ ಬೇಡಿದ ಮೇಲೆಯೇ ಬುಟ್ಟಿಗೆ ಬೀಳುತ್ತಿತ್ತು. ಆ ಕೂಗು ಅಪ್ಪನ ಕಿವಿ ಬಿಟ್ಟು ಹೋಗಿರಲಿಲ್ಲ. ಬುದ್ಧನ ಪಟ ಮನೆಗೆ ಬಂದ ದಿನ, ಇನ್ನು ಯಾರ ಮುಂದೂ ಬೇಡುವುದಿಲ್ಲ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಆ ಹಠ ಎಲ್ಲಿಗೆ ಮುಟ್ಟಿತೆಂದರೆ, ಊಟಕ್ಕೆ ಕೂತಾಗ ಅವ್ವನಿಗೆ "ಇನ್ನೊಂದು ರೊಟ್ಟಿ ನೀಡು" ಎನ್ನುತ್ತಿರಲಿಲ್ಲ. "ಬುಟ್ಯಾಗ ರೊಟ್ಟಿ ಅದಾವೇನು?" ಎಂದು ಪೇಟೆಯ ಸುದ್ದಿ ವಿಚಾರಿಸುವವನ ಹಾಗೆ ಕೇಳುತ್ತಿದ್ದ. ಅವ್ವನೂ ಬೇಕೆಂದೇ "ಅದಾವ" ಎಂದಷ್ಟೇ ಹೇಳಿ ಸುಮ್ಮನೆ ಕೂಡುತ್ತಿದ್ದಳು. ಆಮೇಲೆ ಇಬ್ಬರಿಗೂ ನಗು ಬಂದು ರೊಟ್ಟಿ ತಾಟಿಗೆ ಬೀಳುತ್ತಿತ್ತು.

ಆವತ್ತು ಮಾತ್ರ ಅವ್ವ ನಗಲಿಲ್ಲ. ಕಾಲೇಜು ತಪ್ಪಿದರೆ ವರ ಸಿದ್ಧವಿದ್ದಾನೆ ಎಂದು ಹೇಳಿದವಳು ಅವಳೇ. ಆದರೆ ನಾನು ಅತ್ತದ್ದು ನೋಡಿ ಕೈಯ ಕೆಲಸ ಬಿಟ್ಟು ಎದ್ದು ಬಂದಳು. "ಒಂದು ಮಾತಿನ ಸಲುವಾಗಿ ಮಗಳ ಸಾಲಿ ಬಿಡಸ್ತೀರೇನು? ಬುದ್ಧನೂ ಭಿಕ್ಷಾ ಬೇಡಿದನಂತಲ್ಲ!" ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು.

ಅಪ್ಪ ಶಾಂತವಾಗಿಯೇ ಹೇಳಿದ. "ಅಂವ ರಾಜ್ಯಾ ಬಿಟ್ಟು ಬೇಡಿದ. ನಮಗ ಬಿಡಾಕ ರಾಜ್ಯಾ ಎಲ್ಲೈತಿ?"

ಮರುದಿನ ಬೆಳಿಗ್ಗೆ ಶಾಲೆಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಅಕ್ಕೋರ ಮನೆಗೆ ಓಡಿದೆ. ಅಕ್ಕೋರು ನಡೆದದ್ದನ್ನು ಕೇಳಿ ಮೊದಲು ಹಣೆ ಹಣೆ ಬಡಿದುಕೊಂಡರು, ಆಮೇಲೆ ಕಪಾಟಿನಿಂದ ಎರಡು ಕೈಯಲ್ಲಿ ಎತ್ತಬೇಕಾದಂಥ ಡಿಕ್ಷನರಿ ತೆಗೆದರು.

"ಹುಚ್ಚಿ, ಶಬ್ದಕ್ಕ ಶಬ್ದ ಇಟ್ಟು ಯಾರರ ಅರ್ಥ ಹೇಳ್ತಾರೇನ? ಬೆಗ್ ಅಂದ್ರ ಹಸದಾಂವ ಕೈ ಚಾಚಿ ಬೇಡೂದು, ಖರೇ. ಆದ್ರ ಪತ್ರದಾಗ ಅದು ಬರೇ ನಮ್ರತಾ. ದೊಡ್ಡ ಸಾಹೇಬ್ರು ಒಬ್ಬರಿಗೊಬ್ಬರು ಬರಿಯೂಮುಂದೂ ಬೆಗ್ ಅಂತಿದ್ರು. ರಿಕ್ವೆಸ್ಟ್ ಅಂದ್ರ ನೆಟ್ಟಗ ನಿಂತು ಮರ್ಯಾದಿಲೆ ಕೇಳೂದು. ಅರ್ಥ ಪುಸ್ತಕದಾಗ ಇರ್ತದ, ಬಳಕಿ ಜನರ ಹತ್ರ ಇರ್ತದ. ಹೋಗಿ ನಿಮ್ಮಪ್ಪಗ ತಿಳಿಸಿ ಹೇಳು."

ನನಗೆ ರೆಕ್ಕೆ ಬಂದಂತಾಯಿತು. ಸಂಜೆ ಐದಕ್ಕೆ ವರ್ಕ್‌ಶಾಪಿನ ಭೋಂಗಾ ಕೂಗಿತು. ಅಪ್ಪ ಮನೆಗೆ ಬಂದು ಕೈಯ ಗ್ರೀಸು ತೊಳೆದುಕೊಳ್ಳುವುದಕ್ಕೂ ಬಿಡದೆ ಎಲ್ಲವನ್ನೂ ಒದರಿದೆ. ಸಾಹೇಬರೂ ಬೆಗ್ ಅಂತಿದ್ದರು, ಅದು ಬರೀ ಮರ್ಯಾದೆಯ ಮಾತು, ಅಕ್ಕೋರೇ ಹೇಳಿದ್ದಾರೆ ಎಂದೆ.

ಅಪ್ಪ ಸಾಬೂನು ಉಜ್ಜುತ್ತ ಪೂರ್ತಿ ಕೇಳಿದ. "ಸಾಹೇಬ ಬೇಡಿದ್ರ ಅದು ಮರ್ಯಾದಿ. ನಾವು ಬೇಡಿದ್ರ ಅದು ಬೇಡೂದ," ಎಂದ. ಕೈ ಒರೆಸಿಕೊಂಡು, ಅಟ್ಟದಿಂದ ತಗಡಿನ ಟ್ರಂಕು ಇಳಿಸಿದ. "ನಿಮ್ಮ ಅಕ್ಕೋರು ಬಳಕಿ ಜನರ ಹತ್ರ ಇರ್ತದ ಅಂದ್ರಲ್ಲ, ತಗೋ. ಇದರಾಗ ಐತಿ ಜನರ ಬಳಕಿ. ಓದು."

ಟ್ರಂಕಿನಲ್ಲಿ ಅವನ ನೌಕರಿಯ ಕಾಗದಗಳಿದ್ದವು. ಬೇರೆಯವರಿಂದ ಬರೆಸಿ, ಹೆಬ್ಬೆಟ್ಟು ಒತ್ತಿ ಕೊಟ್ಟ ಹಳೆಯ ಅರ್ಜಿಗಳ ಕಾರ್ಬನ್ ಪ್ರತಿಗಳು, ಅವಕ್ಕೆ ಆಫೀಸಿನಿಂದ ಬಂದ ಉತ್ತರಗಳು, ಶೆಡ್ಡಿನ ನೋಟೀಸುಗಳು. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ವ್ಯಾಗನ್ನಿನ ಮೇಲೆ ಬರೆದಿರುವ ದೊಡ್ಡಕ್ಷರಗಳಷ್ಟೇ ಪರಿಚಯ. ಆದರೆ ತನ್ನ ಹೆಸರಿದ್ದ ಒಂದು ಚೀಟಿಯನ್ನೂ ಅವನು ಎಸೆದಿರಲಿಲ್ಲ. ನಾನು ಚಾಪೆಯ ಮೇಲೆ ಕೂತು ಒಂದೊಂದೇ ಓದುತ್ತ ಹೋದೆ. ಕ್ವಾರ್ಟರ್ಸಿಗೆ ಹಾಕಿದ ಅರ್ಜಿ: ಐ ಬೆಗ್ ಟು ಸ್ಟೇಟ್. ಬೇರೆ ಶೆಡ್ಡಿಗೆ ಬದಲಿ ಕೇಳಿದ್ದು: ಐ ಬೆಗ್. ಅಜ್ಜಿ ತೀರಿಕೊಂಡಾಗ ರಜೆ ಕೇಳಿದ್ದು: ಐ ಮೋಸ್ಟ್ ಹಂಬ್ಲಿ ಬೆಗ್. ಪೆನ್ಸಿಲಿನಿಂದ ಪ್ರತಿಯೊಂದಕ್ಕೂ ಅಡಿಗೆರೆ ಎಳೆದೆ. ಅಪ್ಪ ಬಗ್ಗಿ, ಆ ಮೂರು ಅಕ್ಷರಗಳ ಆಕಾರವನ್ನು ನೋಡಿ ನೋಡಿ, ಆಮೇಲೆ ನನಗಿಂತ ಮೊದಲೇ ತಾನೇ ಬೆರಳಿಟ್ಟು ತೋರಿಸತೊಡಗಿದ.

"ಹಂಗಾದ್ರ ನಾ ಇಷ್ಟು ಸಲಾ ಬೇಡೇನಿ, ನನಗ ಗೊತ್ತಿಲ್ದಂಗ," ಎಂದ. ಅವನ ಧ್ವನಿ ಆಗ ಹೇಗಿತ್ತೆಂದರೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ತನ್ನ ತಾಯಿಗೆ ಮಣ್ಣು ಕೊಡಲು ಹೋಗುವುದಕ್ಕೂ ಅವನು ಬೇಡಿದ್ದ. ಅದು ಅವನಿಗೆ ತಿಳಿದದ್ದು ಆ ಸಂಜೆ, ನನ್ನ ಪೆನ್ಸಿಲಿನ ಗೆರೆಯಿಂದ.

ಮೇಲಿನಿಂದ ಬಂದ ಕಾಗದಗಳನ್ನು ತೆಗೆದೆ. ಯೂ ಆರ್ ಹಿಯರ್‌ಬೈ ಇನ್ಫಾರ್ಮ್‌ಡ್. ಯೂ ಆರ್ ಡೈರೆಕ್ಟೆಡ್. ಒಂದರಲ್ಲೂ ಬೆಗ್ ಇರಲಿಲ್ಲ. ನಾನು ಎರಡು ಗುಡ್ಡೆ ಮಾಡಿ, ಮತ್ತೆ ಮೊದಲಿನಿಂದ ಹುಡುಕಿದೆ. ಇರಲಿಲ್ಲ. ಆದರೆ ಶೆಡ್ಡಿನ ಒಂದು ನೋಟೀಸಿನಲ್ಲಿ 'ಸ್ಟಾಫ್ ಆರ್ ರಿಕ್ವೆಸ್ಟೆಡ್ ಟು ಕೀಪ್ ದ ಶೆಡ್ ಕ್ಲೀನ್' ಎಂದಿತ್ತು. ಕೆಲಸಗಾರರೆಲ್ಲ ಸೇರಿ ಕುಡಿಯುವ ನೀರಿಗಾಗಿ ಕೊಟ್ಟ ಒಂದು ಕಾಗದದಲ್ಲೂ 'ವಿ ರಿಕ್ವೆಸ್ಟ್' ಎಂದಿತ್ತು. ಬೆಗ್ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತಿತ್ತು. ರಿಕ್ವೆಸ್ಟ್ ಎರಡೂ ಕಡೆಗೆ ಓಡಾಡುತ್ತಿತ್ತು. ಅಕ್ಕೋರ ಅಷ್ಟು ದಪ್ಪ ಡಿಕ್ಷನರಿಯಲ್ಲಿ ಇಲ್ಲದ ಸಂಗತಿಯನ್ನು, ಇಂಗ್ಲಿಷ್ ಬಾರದ ನನ್ನಪ್ಪ ತಗಡಿನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ. ನನಗೆ ಕುಣಿಯಬೇಕೆನಿಸಿತು. ಎರಡು ದಿನದಿಂದ ಅಪ್ಪನ ಮೇಲಿದ್ದ ಸಿಟ್ಟೆಲ್ಲ ಎದ್ದು ಧಾರವಾಡದ ಕಡೆ ತಿರುಗಿತು.

ಅರ್ಜಿಯನ್ನು ನಾನೇ ಬರೆದೆ, ನನ್ನ ದುಂಡು ಅಕ್ಷರದಲ್ಲಿ, ನಾಲ್ಕೇ ಸಾಲು. ನನ್ನ ಮಗಳು ಇಷ್ಟು ಮಾರ್ಕು ಪಡೆದು ಪಾಸಾಗಿದ್ದಾಳೆ, ಅವಳಿಗೆ ಹಾಸ್ಟೆಲಿನಲ್ಲಿ ಸ್ಥಳ ಕೊಡಬೇಕೆಂದು ಐ ರಿಕ್ವೆಸ್ಟ್ ಯೂ. ಅಪ್ಪ ಓದಿಸಿ ಕೇಳಿ, ಕನ್ನಡದಲ್ಲಿ ಸಹಿ ಮಾಡಿ, ಶಾಯಿ ಆರುವ ತನಕ ಊದಿದ.

ಶನಿವಾರ ಬೆಳಿಗ್ಗೆ ಕಾಲೇಜಿನ ಆಫೀಸು ತೆರೆಯುವ ಹೊತ್ತಿಗೆ ನಾವು ಬಾಗಿಲಲ್ಲಿದ್ದೆವು. ಹೆಡ್‌ಕ್ಲಾರ್ಕು ಅರ್ಜಿಯ ಮೇಲೆ ಒಂದು ಸಲ ಕಣ್ಣಾಡಿಸಿ ನಮ್ಮ ಕಡೆಗೇ ತಳ್ಳಿದ.

"ಬೆಗ್ ಇಲ್ಲ, ಹಂಬ್ಲಿ ಇಲ್ಲ. ಇದು ಅರ್ಜಿನೋ ಹುಕುಮೋ? ಹೊರಗ ಹೋಗಿ ಸರಿಯಾಗಿ ಬರಿಸಿಕೊಂಡು ಬರ್ರಿ."

"ಸರಿಯಾಗೇ ಐತ್ರಿ," ಎಂದ ಅಪ್ಪ.

"ಇಂಥಾದ್ದು ರಜಿಸ್ಟರಿನ್ಯಾಗ ಇನ್‌ವರ್ಡ್ ಆಗೂದಿಲ್ಲ. ಮಧ್ಯಾಹ್ನ ಒಂದಕ್ಕ ಬಾಗಲಾ ಹಾಕ್ತೇನಿ. ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

ನಾವು ವರಾಂಡಕ್ಕೆ ಬಂದೆವು. ಬೇವಿನ ಮರದ ಅರ್ಜಿಯವ ಅಲ್ಲಿಂದ ದೂರವೇನಿರಲಿಲ್ಲ. ಹತ್ತು ನಿಮಿಷದ ಕೆಲಸ. ಅಪ್ಪ ನನ್ನ ಮುಖ ನೋಡಿದ. ನೋಡಿ, ನಾನು ಎಂದೂ ಕೇಳುತ್ತೇನೆಂದು ಎಣಿಸಿರದ ಮಾತು ಹೇಳಿದ. "ನೀ ಹೂಂ ಅಂದ್ರ ಅಲ್ಲೇ ಹೋಗೂಣು. ಸಹಿ ಮಾಡ್ತೇನಿ. ಇಷ್ಟು ಸಲಾ ಬೇಡೇನಿ, ನಿನ್ನ ಸಲುವಾಗಿ ಇನ್ನೊಮ್ಮೆ."

ಅವನ ಕಣ್ಣು ತಪ್ಪಿಸಲು ಪಕ್ಕದ ಗೋಡೆಯ ಕಡೆ ತಿರುಗಿದೆ. ಅಲ್ಲಿ ನೋಟೀಸ್ ಬೋರ್ಡಿತ್ತು. ಅದರ ಮೇಲೆ ನಮ್ಮ ಹಾಸ್ಟೆಲಿನದೇ ನೋಟೀಸು, ಟೈಪ್ ಮಾಡಿ, ನಾಲ್ಕು ಮೂಲೆಗೆ ಮೊಳೆ ಚುಚ್ಚಿ ಹಚ್ಚಿದ್ದರು. 'ಅಪ್ಲಿಕಂಟ್ಸ್ ಆರ್ ರಿಕ್ವೆಸ್ಟೆಡ್ ಟು ಸಬ್ಮಿಟ್ ದೇರ್ ಅಪ್ಲಿಕೇಶನ್ಸ್...'

ನಾನು ಎರಡು ಸಲ ಓದಿದೆ. ಅಪ್ಪನ ಕೈ ಹಿಡಿದು ಎಳೆದುಕೊಂಡು ಸೀದಾ ಹೆಡ್‌ಕ್ಲಾರ್ಕಿನ ಟೇಬಲ್ಲಿನ ಮುಂದೆ ಹೋಗಿ ನಿಂತೆ.

"ನಿಮ್ಮ ನೋಟೀಸಿನ್ಯಾಗ ನಮಗ ರಿಕ್ವೆಸ್ಟ್ ಮಾಡೀರಿ. ನಾವು ನಿಮಗ ರಿಕ್ವೆಸ್ಟ್ ಮಾಡೇವ್ರಿ. ಇದರಾಗ ಹುಕುಮ್ ಯಾವುದ್ರಿ?"

"ಏನ ಹುಡುಗಿ, ಭಾಳ ಮಾತಾಡಾಕತ್ತೀ!"

"ನೀವು ಬೆಗ್ ಅಂತ ನೋಟೀಸ್ ಹಚ್ಚಿದ್ರ ನಾವೂ ಬೆಗ್ ಅಂತ ಬರ್ಕೊಂಡ ಬರ್ತಿದ್ವಿ!"

ನನ್ನ ದನಿ ಯಾವಾಗಲೂ ಸ್ವಲ್ಪ ಜೋರು. ಆವತ್ತು ಇಡೀ ಆಫೀಸು ತಿರುಗಿ ನೋಡಿತು. ಒಳಗಿನ ಕೋಣೆಯ ಪರದೆ ಸರಿಸಿ ಪ್ರಿನ್ಸಿಪಾಲರೇ ಹೊರಗೆ ಬಂದರು. ಕರಿ ಕೋಟು, ತಲೆಗೆ ರುಮಾಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಹೆಡ್‌ಕ್ಲಾರ್ಕು ಎದ್ದು ನಿಂತು ನಮ್ಮ ಉದ್ಧಟತನವನ್ನು ಬಣ್ಣಿಸಿದ. ಅವರು ನನ್ನ ನಾಲ್ಕು ಸಾಲನ್ನು ಓದಿ ಅಪ್ಪನನ್ನು ಕೇಳಿದರು. "ಯಾಕ್ರಿ, ಬೆಗ್ ಅಂತ ಬರದ್ರ ಏನಾಗ್ತಿತ್ತು?"

ಅಪ್ಪ ಕೈ ಕಟ್ಟಲಿಲ್ಲ, ಕೈ ಮುಗಿಯಲೂ ಇಲ್ಲ. "ನನ್ನ ಮಗಳು ಪಾಸಾಗ್ಯಾಳ್ರಿ. ಹಾಸ್ಟೆಲು ಪಾಸಾದ ಹುಡುಗ್ಯಾರ ಸಲುವಾಗೇ ಕಟ್ಟ್ಯಾರ. ಇದರಾಗ ಬೇಡೂದು ಎಲ್ಲಿ ಬಂತ್ರಿ?"

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಬೆಗ್‌ಗೂ ರಿಕ್ವೆಸ್ಟಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಶಬ್ದಕೋಶದ ಅರ್ಥಗಳೆಲ್ಲ ತಲೆಯಿಂದ ಹಾರಿಹೋಗಿದ್ದವು. ಚಾಪೆಯ ಮೇಲಿನ ಎರಡು ಗುಡ್ಡೆಗಳು ಮಾತ್ರ ಕಣ್ಣ ಮುಂದಿದ್ದವು.

"ಸರ್, ಬೆಗ್ ಗೋಜ್ ಓನ್ಲಿ ಅಪ್. ರಿಕ್ವೆಸ್ಟ್ ಗೋಜ್ ಬೋತ್ ವೇಸ್."

ಅವರು ನನ್ನ ನಾಲ್ಕು ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಹೆಡ್‌ಕ್ಲಾರ್ಕಿನ ಕೈಗೆ ಅರ್ಜಿ ಕೊಟ್ಟರು. "ಇನ್‌ವರ್ಡ್ ಮಾಡ್ರಿ. ಸೀಟು ಮಾರ್ಕ್ಸಿನ ಮ್ಯಾಲೆ ಸಿಗ್ತದೋ ಇಲ್ಲೋ ನೋಡೂಣು. ಅರ್ಜಿ ತಗೋಳ್ಳೂದು ನಮ್ಮ ಕೆಲಸ." ಹೆಡ್‌ಕ್ಲಾರ್ಕು ಮೇಜು ಅದುರುವ ಹಾಗೆ ಠಸ್ಸೆ ಹೊಡೆದ. ಅಂಥ ಸೊಗಸಾದ ಸದ್ದನ್ನು ನಾನು ಆಮೇಲೆ ಬದುಕಿನಲ್ಲಿ ಹೆಚ್ಚು ಸಲ ಕೇಳಿಲ್ಲ.

ಎಂಟು ದಿನ ಕಾದೆವು. ಅವ್ವ ಸ್ವಾದರಮಾವನಿಗೆ "ತಡೀರಿ" ಎಂದು ಹೇಳಿ ಕಳಿಸಿದಳು. ಒಂಬತ್ತನೆಯ ದಿನ ಮಧ್ಯಾಹ್ನ ಟಪಾಲಿನವನು ಕಾಲೇಜಿನ ಹೆಸರು ಅಚ್ಚಾದ ಲಕೋಟೆ ತಂದ. ಅದರ ಮೇಲೆ ಅಪ್ಪನ ಹೆಸರಿತ್ತು. ಅವ್ವ "ಒಡೀ, ಒಡೀ" ಎಂದು ಗಡಿಬಿಡಿ ಮಾಡಿದರೂ ನಾನು ಒಡೆಯಲಿಲ್ಲ. ಭೋಂಗಾ ಕೂಗುವ ತನಕ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲಲ್ಲಿ ಕೂತಿದ್ದೆ.

ಅಪ್ಪ ಬಂದು ಲಕೋಟೆ ಒಡೆದು ಕಾಗದ ಬಿಡಿಸಿದ. ಟೈಪ್ ಮಾಡಿದ ಪತ್ರ. ಮೊದಲ ಸಾಲಿನಲ್ಲಿ 'ಯೂ ಆರ್ ಹಿಯರ್‌ಬೈ ಇನ್ಫಾರ್ಮ್‌ಡ್' ಎಂದು ಹೊಡೆದಿದ್ದನ್ನು ಯಾರೋ ನೀಲಿ ಶಾಯಿಯಿಂದ ಅಡ್ಡಗೆರೆ ಎಳೆದು ಅಳಿಸಿ, ಅದರ ಮೇಲೆ ಕೈಯಿಂದ ಬೇರೇನೋ ಬರೆದಿದ್ದರು. ಕೆಳಗೆ ಅದೇ ಶಾಯಿಯಲ್ಲಿ ಪ್ರಿನ್ಸಿಪಾಲರ ಸಹಿ. ಅಪ್ಪ ಕಾಗದವನ್ನು ನನಗೆ ಕೊಡುವ ಮೊದಲು ಆ ಸಾಲಿನ ಮೇಲೆ ಬಗ್ಗಿದ. ಚಾಪೆಯ ಮೇಲೆ ಕಲಿತ ಮೂರು ಅಕ್ಷರಗಳ ಮೇಲೆ ಅವನ ಬೆರಳು ನಿಂತಿತು.

"ಇದು ಬೆಗ್ ಅಲ್ಲೇನವಾ?"

'ಐ ಬೆಗ್ ಟು ಇನ್ಫಾರ್ಮ್ ಯೂ' ಎಂದು ಓದಿದೆ. ನಿಮ್ಮ ಮಗಳಿಗೆ ಹಾಸ್ಟೆಲಿನಲ್ಲಿ ಸ್ಥಳ ಸಿಕ್ಕಿದೆ, ಬರುವ ಸೋಮವಾರ ಕರೆದುಕೊಂಡು ಬನ್ನಿ.

"ಯಾರು ಯಾರಿಗೆ ಅಂದಾರ?" ಅಪ್ಪ ಕೇಳಿದ. ಅವನಿಗೆ ನಂಬಿಕೆ ಬಂದಿರಲಿಲ್ಲ.

"ಪ್ರಿನ್ಸಿಪಾಲರು ಅಂದಾರ. ನಿನಗ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಜೋರಾಗಿಯೇ ಅತ್ತೆ. ಅತ್ತದ್ದಕ್ಕೆ ನನಗೆ ನಾಚಿಕೆಯಿಲ್ಲ. ಆ ಸಂತೋಷವನ್ನು ನಾನು ಮತ್ತೆ ಅಷ್ಟು ತುಂಬಿ ಕಂಡಿಲ್ಲ, ಎಂ.ಎ. ಪಾಸಾದಾಗಲೂ ಇಲ್ಲ. ಅಪ್ಪ ಪತ್ರವನ್ನು ಬೆಳಕಿಗೆ ಹಿಡಿದು ಆ ಮೂರು ಅಕ್ಷರಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಅವನ ಮುಖ ಅರಳಿತು.

"ಈಗ ಆತು ನೋಡು ಇದು ಮರ್ಯಾದಿ ಮಾತು," ಎಂದ.